ಪೇಟೆಂಟ್ ಎಷ್ಟು ಅಂತ ಎಣಿಸಬೇಡಿ, ಯಾರ ಕೈ ಸೇರಿತು ಅಂತ ಕೇಳಿ

ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಸಿಂಡಿಕೇಟ್ ಸದಸ್ಯರಿಗೆ, ಉನ್ನತ ಶಿಕ್ಷಣ ಇಲಾಖೆಯ ಹಿರಿಯರಿಗೆ,

ನಮಸ್ಕಾರ.

ನಾನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯವನು. 28 ವರ್ಷ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದು ಹಲ್ಲು ಮೂಳೆಗಳನ್ನು ಕೆಡಿಸುತ್ತದೆ. ನನ್ನ ವಯಸ್ಸಿನವರ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಮಂಡಿ ಮಡಿಸಿ ನೆಲದ ಮೇಲೆ ಕೂರಲು ಆಗದ ಹಿರಿಯರು ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ನಾನು ರಸಾಯನಶಾಸ್ತ್ರ ಓದಲು ಹೋದದ್ದೇ ಈ ನೀರಿನಲ್ಲಿ ಏನಿದೆ ಅಂತ ತಿಳಿಯಬೇಕು ಅಂತ.

ಈ ಪತ್ರ ಬರೆಯಲು ಕಾರಣ ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ. ಅವಳು ರೂಪಿಸಿದ ನೀರಿನ ಪರೀಕ್ಷೆ ವಿಶ್ವವಿದ್ಯಾಲಯದ ಪೇಟೆಂಟ್ ಲೆಕ್ಕಕ್ಕೆ ಸೇರಿತು, ಜನರ ಕೈ ಸೇರಲಿಲ್ಲ. ಅವಳ ವಿಷಯಕ್ಕೆ ಬರುವ ಮೊದಲು ಹಾಲಿನ ಡೈರಿಯ ಮಾತು ಸ್ವಲ್ಪ ಹೇಳಬೇಕು. ದಯವಿಟ್ಟು ತಾಳ್ಮೆಯಿಂದ ಓದಿ.

ಚಿಕ್ಕವನಿದ್ದಾಗ ಬೆಳಿಗ್ಗೆ ಅಪ್ಪನ ಜೊತೆ ಹಾಲಿನ ಸೊಸೈಟಿಗೆ ಹೋಗುತ್ತಿದ್ದೆ. ಅಲ್ಲಿ ಸೆಕ್ರೆಟರಿ ಒಂದು ಗಾಜಿನ ನಳಿಕೆಗೆ ಮೊದಲು ಆ್ಯಸಿಡ್ ಹಾಕುತ್ತಿದ್ದರು. ಅದರ ಮೇಲೆ ಹಾಲು, ಆಮೇಲೆ ಚೂರು ಆಲ್ಕೋಹಾಲ್. ಬಿರಡೆ ಒತ್ತಿ, ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿದರೆ ನಳಿಕೆಯ ಸಣ್ಣ ಕುತ್ತಿಗೆಯಲ್ಲಿ ಹಳದಿ ಬಣ್ಣದ ಕೊಬ್ಬು ಬಂದು ನಿಲ್ಲುತ್ತಿತ್ತು. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು 'ನಾಲ್ಕು ಪಾಯಿಂಟ್ ಎರಡು' ಅಂದರೆ ಅಪ್ಪನ ಮುಖ ಅರಳುತ್ತಿತ್ತು. 'ಮೂರು ಪಾಯಿಂಟ್ ಒಂದು' ಅಂದ ದಿನ ಮನೆಗೆ ಬಂದು ಹಸುವಿಗೆ ಹಾಕಿದ ಹಿಂಡಿಯ ಲೆಕ್ಕ ಶುರುವಾಗುತ್ತಿತ್ತು. ಅಪ್ಪ ಶಾಲೆಗೆ ಹೋದವರಲ್ಲ. ಆದರೆ ಆ ನಳಿಕೆಯನ್ನು ಅವರು ನಂಬಿದ್ದರು. ಊರಿನ ಗೌಡರ ಹಾಲಿಗೂ ನಮ್ಮ ಹಾಲಿಗೂ ಅದೇ ನಳಿಕೆ, ಅದೇ ಗೆರೆ.

ಅದು ಗರ್ಬರ್ ವಿಧಾನ ಅಂತ ಗೊತ್ತಾದದ್ದು ಬಿ.ಎಸ್ಸಿ.ಗೆ ಬಂದ ಮೇಲೆ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರ ಸುಮಾರಿಗೆ ರೂಪಿಸಿದ್ದು. ಅದಕ್ಕೂ ಸ್ವಲ್ಪ ಮುಂಚೆ, 1890ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನ ವಿಜ್ಞಾನಿ ಇದೇ ಥರದ ಇನ್ನೊಂದು ಪರೀಕ್ಷೆ ಕಂಡುಹಿಡಿದಿದ್ದರು. ಅಲ್ಲಿಯೂ ಗಂಧಕಾಮ್ಲ, ಅಲ್ಲಿಯೂ ತಿರುಗುವ ಯಂತ್ರ. ಆವರೆಗೆ ಅಲ್ಲಿ ಹಾಲನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ನೀರು ಬೆರೆಸಿದವನಿಗೂ, ಕೆನೆ ತೆಗೆದವನಿಗೂ, ಗಟ್ಟಿ ಹಾಲು ತಂದವನಿಗೂ ಒಂದೇ ರೇಟು. ಬ್ಯಾಬ್‌ಕಾಕ್ ಪರೀಕ್ಷೆ ಬಂದ ಮೇಲೆ ಪ್ರಾಮಾಣಿಕ ರೈತನಿಗೆ ನ್ಯಾಯ ಸಿಕ್ಕಿತು. ಅವರು ಅದಕ್ಕೆ ಪೇಟೆಂಟ್, ಅಂದರೆ ಬೇರೆಯವರು ಅನುಮತಿ ಇಲ್ಲದೆ ಬಳಸದಂತೆ ತಡೆಯುವ ಹಕ್ಕು, ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟರು.

ಅದೇ ವಿಶ್ವವಿದ್ಯಾಲಯದಲ್ಲಿ, ಮೂವತ್ತು ಚಿಲ್ಲರೆ ವರ್ಷ ಕಳೆದ ಮೇಲೆ, ಹ್ಯಾರಿ ಸ್ಟೀನ್‌ಬಾಕ್ ಎಂಬವರು ಇನ್ನೊಂದು ದಾರಿ ಹಿಡಿದರು. ಆಹಾರದ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಅದರಲ್ಲಿ ಡಿ ವಿಟಮಿನ್ ಹುಟ್ಟುತ್ತದೆ ಅಂತ ಅವರು ಕಂಡುಕೊಂಡರು. ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್ ಕಾಯಿಲೆಗೆ ಅದು ಮದ್ದು. ಸ್ಟೀನ್‌ಬಾಕ್ ಪೇಟೆಂಟ್ ಮಾಡಿಸಿದರು. ಅದರ ಹಣ ನೋಡಿಕೊಳ್ಳಲು 1925ರಲ್ಲಿ ಹಳೆಯ ವಿದ್ಯಾರ್ಥಿಗಳ ಒಂದು ಪ್ರತಿಷ್ಠಾನ ಹುಟ್ಟಿತು. ಲೈಸೆನ್ಸ್‌ನಿಂದ ಬಂದ ದುಡ್ಡು ಮತ್ತೆ ಸಂಶೋಧನೆಗೇ ಹೋಯಿತು. ರಿಕೆಟ್ಸ್ ಕಡಿಮೆಯಾಗಲು ಆ ಪೇಟೆಂಟ್ ನಿಜವಾಗಿಯೂ ಸಹಾಯ ಮಾಡಿತು. ಆದರೆ ಪ್ರತಿಷ್ಠಾನ ಒಂದು ತಪ್ಪು ಮಾಡಿತು. ಹೈನುಗಾರರನ್ನು ಕಾಪಾಡಬೇಕು ಅಂತ ಮಾರ್ಗರಿನ್ ತಯಾರಿಸುವವರಿಗೆ ಲೈಸೆನ್ಸ್ ಕೊಡಲಿಲ್ಲ. ಬೆಣ್ಣೆ ಕೊಳ್ಳಲಾಗದ ಬಡವರು ತಿನ್ನುತ್ತಿದ್ದದ್ದು ಮಾರ್ಗರಿನ್. ಅವರ ಮಕ್ಕಳಿಗೇ ಆ ವಿಟಮಿನ್ ಹೆಚ್ಚು ಬೇಕಿತ್ತು. 1940ರ ದಶಕದಲ್ಲಿ ಅಮೆರಿಕದ ಕೋರ್ಟ್ ಒಂದು ಈ ಮಾತನ್ನು ಎತ್ತಿ ಆಡಿತು, ಪೇಟೆಂಟ್‌ಗಳನ್ನೂ ರದ್ದು ಮಾಡಿತು.

ಒಂದು ಬಿಟ್ಟುಕೊಟ್ಟದ್ದು, ಒಂದು ಪೇಟೆಂಟ್ ಮಾಡಿಸಿದ್ದು. ಎರಡೂ ಜನರನ್ನು ತಲುಪಿದವು. ಬ್ಯಾಬ್‌ಕಾಕ್ ಮತ್ತು ಸ್ಟೀನ್‌ಬಾಕ್ ಇಬ್ಬರೂ ಮೊದಲೇ ಯೋಚಿಸಿದ್ದರು, ಇದು ಯಾರ ಕೈಗೆ ಹೋಗಬೇಕು ಅಂತ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ ಅನ್ನುವುದೇ ನನ್ನ ದೂರು.

ಈಗ ನನ್ನ ವಿದ್ಯಾರ್ಥಿನಿಯ ವಿಷಯ. ಅವಳ ಹೆಸರು ಹೇಳುವುದಿಲ್ಲ, ಅವಳು ಓದಿದ ವಿಶ್ವವಿದ್ಯಾಲಯದ ಹೆಸರನ್ನೂ ಹೇಳುವುದಿಲ್ಲ. ಇದು ಎಲ್ಲಿ ಬೇಕಾದರೂ ಆಗಬಹುದಿತ್ತು.

ಅವಳೂ ನಮ್ಮ ಕಡೆಯವಳೇ. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದಾಗ ಫ್ಲೋರೈಡ್ ಪರೀಕ್ಷೆಯನ್ನೇ ವಿಷಯವಾಗಿ ತೆಗೆದುಕೊಂಡಳು. ಜಿರ್ಕೋನಿಯಂ ಮತ್ತು ಅಲಿಝರಿನ್ ಸೇರಿದರೆ ಕೆಂಪು ಗುಲಾಬಿ ಬಣ್ಣ ಬರುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಇದು ಹಳೆಯ ರಸಾಯನಶಾಸ್ತ್ರ, ಪಠ್ಯಪುಸ್ತಕದಲ್ಲೇ ಇದೆ. ಕಷ್ಟ ಇರುವುದು ಬೇರೆ ಕಡೆ. ನಮ್ಮ ನೀರಿನ ಸಲ್ಫೇಟ್, ಅಲ್ಯೂಮಿನಿಯಂ, ಫಾಸ್ಫೇಟ್ ಎಲ್ಲ ಸೇರಿ ಬಣ್ಣವನ್ನು ಕೆಡಿಸುತ್ತವೆ. ದ್ರಾವಣ ಬಾಟಲಿಯಿಂದ ಚೆಲ್ಲುತ್ತದೆ, ಬೇಸಿಗೆಯಲ್ಲಿ ಹಾಳಾಗುತ್ತದೆ. ಅವಳು ಮೂರು ವರ್ಷ ಕೂತು ಆ ರಸಾಯನವನ್ನು ಒಂದು ಕಾಗದದ ಪಟ್ಟಿಯ ಮೇಲೆ ಕೂರಿಸಿದಳು. ಅಡ್ಡಬರುವ ಅಯಾನುಗಳನ್ನು ತಡೆಯಲು ಪಟ್ಟಿಯ ಕೆಳಗೆ ಇನ್ನೊಂದು ಪದರ ಇಟ್ಟಳು. ಒಂದು ಹನಿ ನೀರು ಬಿಟ್ಟು ಎರಡು ನಿಮಿಷ ಕಾದರೆ ಸಾಕು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅವಳ ಪಟ್ಟಿ ಆ ಗಡಿಯನ್ನು ಬರಿಗಣ್ಣಿಗೇ ತೋರಿಸುತ್ತಿತ್ತು.

ಅವಳು ಒಂದು ಭಾನುವಾರ ನಮ್ಮ ಊರಿಗೆ ಬಂದು ನಲ್ಲಿ ಹತ್ತಿರ ತೋರಿಸಿದಳು. ಕೊಡ ಹಿಡಿದು ನಿಂತಿದ್ದ ಹೆಂಗಸರು ಸುತ್ತ ಸೇರಿದರು. ಬಣ್ಣ ಹಳದಿಯಾದಾಗ ಒಬ್ಬ ಅಜ್ಜಿ ಪಟ್ಟಿಯನ್ನು ತನ್ನ ಕೈಗೆ ತೆಗೆದುಕೊಂಡು ನೋಡಿ, 'ಇದು ಮೊದಲೇ ಇದ್ದಿದ್ರೆ ನನ್ನ ಮಗ ನೆಟ್ಟಗೆ ನಡೀತಿದ್ನೇನೋ' ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ಆದದ್ದು ಇಷ್ಟು. ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಪತ್ರಿಕೆಯಲ್ಲಿ ಲೇಖನ ಬಂದಿರಬೇಕು ಅಂತ ಅವಸರವಿತ್ತು. ಲೇಖನ ಕಳಿಸಿದಳು, ಅಚ್ಚಾಯಿತು. ಎಂಟು ತಿಂಗಳ ಬಳಿಕ ವಿಭಾಗಕ್ಕೆ ಪರಿಶೀಲನಾ ತಂಡ ಬರುವುದಿತ್ತು. 'ಪೇಟೆಂಟ್ ಎಷ್ಟು' ಎಂಬ ಕಾಲಂ ಖಾಲಿ ಇತ್ತು. ಆಗ ಅವಳ ಪಟ್ಟಿ ನೆನಪಾಯಿತು. ತರಾತುರಿಯಲ್ಲಿ ಅರ್ಜಿ ಹಾಕಿಸಿದರು. ಅರ್ಜಿ ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಯಿತು, ವಾರ್ಷಿಕ ವರದಿಯಲ್ಲಿ ಅವಳ ಫೋಟೋ ಬಂತು. ಎರಡು ವರ್ಷ ಕಳೆದು ಆ ಕಚೇರಿಯ ಪರೀಕ್ಷಕರ ಮೊದಲ ವರದಿ ಬಂತು. 'ಇದು ಹೊಸದಲ್ಲ, ಮೊದಲೇ ಪ್ರಕಟವಾಗಿದೆ' ಎಂದು ಅದರಲ್ಲಿತ್ತು. ಅದಕ್ಕೆ ಅವರು ತೋರಿಸಿದ ಆಧಾರ ಅವಳದ್ದೇ ಲೇಖನ.

ಪರೀಕ್ಷಕರ ತಪ್ಪು ಏನೂ ಇಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಅರ್ಜಿ ಹಾಕುವ ದಿನಕ್ಕೆ ಆವಿಷ್ಕಾರ ಲೋಕಕ್ಕೆ ಹೊಸದಾಗಿರಬೇಕು. ನಾವೇ ಪ್ರಕಟಿಸಿದ್ದರೂ ಅದು ಪ್ರಕಟವಾದದ್ದೇ. 31ನೇ ಸೆಕ್ಷನ್‌ನಲ್ಲಿ 12 ತಿಂಗಳ ಒಂದು ಸಣ್ಣ ರಿಯಾಯಿತಿ ಇದೆ. ಅದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೆ, ಅಂಥ ಒಂದೆರಡು ಸಂದರ್ಭಕ್ಕೆ ಮಾತ್ರ. ಮಾಮೂಲಿ ಜರ್ನಲ್ ಲೇಖನಕ್ಕೆ ಅದು ಸಿಗುವುದಿಲ್ಲ. ಲೇಖನ ಕಳಿಸುವ ಹಿಂದಿನ ದಿನ ತಾತ್ಕಾಲಿಕ ವಿವರಣೆಯ ಜೊತೆ ಒಂದು ಅರ್ಜಿ ಹಾಕಿದ್ದರೂ ಸಾಕಿತ್ತು. ಪೂರ್ಣ ವಿವರಣೆ ಕೊಡಲು ಆಮೇಲೆ 12 ತಿಂಗಳು ಸಮಯ ಇರುತ್ತದೆ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕವನ್ನು 80 ಶೇಕಡಾ ಇಳಿಸಿದ್ದಾರೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು 1600 ರೂಪಾಯಿ. ಅವಳ ಮೂರು ವರ್ಷದ ದುಡಿಮೆ 1600 ರೂಪಾಯಿಯ ಒಂದು ಅರ್ಜಿ ಸಮಯಕ್ಕೆ ಹೋಗದೆ ಕೈತಪ್ಪಿತು. ಅವಳಿಗೆ ಇದನ್ನು ಹೇಳುವವರು ಆ ಕ್ಯಾಂಪಸ್ಸಿನಲ್ಲಿ ಒಬ್ಬರೂ ಇರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ, ಅದು ನನ್ನನ್ನು ಈಗಲೂ ಕಾಡುತ್ತದೆ.

ಆದರೆ ನನಗೆ ಇದಕ್ಕಿಂತ ಜಾಸ್ತಿ ನೋವಾದದ್ದು ಮುಂದಿನದರಿಂದ. ಪೇಟೆಂಟ್ ಹೋಯಿತು, ಸರಿ. ಹಾಗಾದರೆ ಪಟ್ಟಿ ಈಗ ಎಲ್ಲರದ್ದೂ ಆಯಿತಲ್ಲ? ಬ್ಯಾಬ್‌ಕಾಕ್ ಪರೀಕ್ಷೆಯ ಹಾಗೆ ಯಾರಾದರೂ ತಯಾರಿಸಬಹುದಿತ್ತು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಅಂತಿದೆ. ಅವರ ಕೈಗೆ ಈ ಪಟ್ಟಿ ಕೊಡಬಹುದಿತ್ತು. ವಿಶ್ವವಿದ್ಯಾಲಯದಿಂದ ಒಬ್ಬರೂ ಒಂದು ಪತ್ರ ಬರೆಯಲಿಲ್ಲ, ಒಂದು ಫೋನ್ ಮಾಡಲಿಲ್ಲ. ಕಾಲಂ ತುಂಬಿತ್ತು, ಅಲ್ಲಿಗೆ ಕೆಲಸ ಮುಗಿದಿತ್ತು. ಅವಳು ಈಗ ಒಂದು ಔಷಧಿ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ದಿನವಿಡೀ ಎಚ್‌ಪಿಎಲ್‌ಸಿ ಎಂಬ ರಾಸಾಯನಿಕ ವಿಶ್ಲೇಷಣೆಯ ಯಂತ್ರದ ಮುಂದೆ ಕೂರುತ್ತಾಳೆ. ಒಳ್ಳೆಯ ಸಂಬಳ, ಅವಳಿಗೆ ಒಳ್ಳೆಯದಾಗಲಿ. ನಮ್ಮ ಊರಿನ ನಲ್ಲಿ ಹತ್ತಿರ ಪಟ್ಟಿ ಇಲ್ಲ.

ಮಾನ್ಯರೇ, ಈ ಕಾಲಂ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ರೋಗ ಇರುವುದು ಅಲ್ಲೇ.

ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲೂ ನ್ಯಾಕ್ ಪರಿಶೀಲನೆಯಲ್ಲೂ, ಅಂದರೆ ಕಾಲೇಜು ವಿಶ್ವವಿದ್ಯಾಲಯಗಳ ಮಟ್ಟ ಅಳೆಯುವ ಎರಡು ರಾಷ್ಟ್ರೀಯ ಲೆಕ್ಕಗಳಲ್ಲೂ, ಪೇಟೆಂಟ್‌ಗೆ ಅಂಕ ಇದೆ. ಮಂಜೂರಾದದ್ದಕ್ಕೆ ಮಾತ್ರ ಅಲ್ಲ, ಪ್ರಕಟವಾದದ್ದಕ್ಕೂ ಇದೆ. ಆದರೆ ಪ್ರಕಟವಾಗುವುದು ಸಾಧನೆ ಅಲ್ಲವೇ ಅಲ್ಲ. ಹಾಕಿದ ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ತಾನಾಗಿಯೇ ಪ್ರಕಟವಾಗುತ್ತದೆ. ಫಾರಂ 9 ಹಾಕಿ ಶುಲ್ಕ ಕಟ್ಟಿದರೆ ಇನ್ನೂ ಬೇಗ. ಆ ಹೊತ್ತಿಗೆ ಪರೀಕ್ಷಕರು ಅದರ ಒಳಗೆ ಏನಿದೆ ಅಂತ ನೋಡಿಯೂ ಇರುವುದಿಲ್ಲ. ಆದರೂ ಕಾಲೇಜಿನ ಗೇಟಿನ ಮುಂದೆ ಬ್ಯಾನರ್ ಕಟ್ಟುತ್ತೇವೆ.

ಈ ಹಸಿವನ್ನು ನೋಡಿಯೇ ಒಂದು ವ್ಯಾಪಾರ ಹುಟ್ಟಿದೆ. ನನ್ನ ವಾಟ್ಸ್ಆಪ್‌ಗೂ ಸಂದೇಶ ಬಂದಿತ್ತು: ಇಷ್ಟು ದುಡ್ಡು ಕೊಡಿ, ಎರಡನೇ ಹೆಸರು ನಿಮ್ಮದು, ಇನ್ನಷ್ಟು ಕೊಡಿ, ಮೊದಲ ಹೆಸರೇ ನಿಮ್ಮದು. ಬಡ್ತಿಗೆ ಅಂಕ ಬೇಕಾದ ಕಿರಿಯ ಅಧ್ಯಾಪಕರು ಸಾಲ ಮಾಡಿ ಕೊಟ್ಟದ್ದನ್ನು ಕಂಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಆ ಇಕ್ಕಟ್ಟಿಗೆ ದೂಡಿದ ಲೆಕ್ಕದ ಮೇಲೆ ಸಿಟ್ಟಿದೆ. ಇನ್ನು ಕೆಲವು ಕಡೆ ಡಿಸೈನ್ ನೋಂದಣಿಯನ್ನೇ ಪೇಟೆಂಟ್ ಅಂತ ತೋರಿಸುತ್ತಾರೆ. ಡಿಸೈನ್ ಅಂದರೆ ವಸ್ತುವಿನ ಹೊರ ಆಕಾರಕ್ಕೆ ಸಿಗುವ ರಕ್ಷಣೆ. ನೀರು ಪರೀಕ್ಷಿಸುವ ಪೆಟ್ಟಿಗೆ ದುಂಡಗಿದೆಯೋ ಚೌಕವಾಗಿದೆಯೋ ಅಂತ ಅದು ಹೇಳುತ್ತದೆ. ಒಳಗಿನ ರಸಾಯನಶಾಸ್ತ್ರದ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಡಿಸೈನ್ ನೋಂದಾಯಿಸುವಾಗ ಅದು ಹೊಸದೋ ಅಲ್ಲವೋ ಅಂತ ಪರೀಕ್ಷೆಯನ್ನೇ ಮಾಡುವುದಿಲ್ಲ. ಅಲ್ಲಿಂದ ತರಿಸಿದ ಕಾಗದಕ್ಕೆ 'ಅಂತರರಾಷ್ಟ್ರೀಯ ಪೇಟೆಂಟ್' ಅಂತ ಹೆಸರಿಟ್ಟು ಸನ್ಮಾನ ಮಾಡಿದರೆ, ಪ್ರಯೋಗಾಲಯದಲ್ಲಿ ನಿಜವಾಗಿ ಬೆವರು ಸುರಿಸಿದ ಹುಡುಗ ಹುಡುಗಿಯರಿಗೆ ನಾವು ಯಾವ ಪಾಠ ಹೇಳಿದ ಹಾಗಾಯಿತು?

ರಸಾಯನಶಾಸ್ತ್ರದ ವಿಭಾಗಗಳಲ್ಲಿ ಇನ್ನೊಂದು ರೂಢಿ ಇದೆ. ಯಾವುದೋ ಗಿಡದ ಎಲೆಯ ಕಷಾಯ ಮಾಡಿ, ಬೆಳ್ಳಿಯ ಲವಣಕ್ಕೆ ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣ ಬಂತು ಅಂತ ಅರ್ಜಿ ಹಾಕುವುದು. ಈ ಸಲ ಬೇವು, ಮುಂದಿನ ಸಲ ತುಳಸಿ, ಆಮೇಲೆ ನುಗ್ಗೆ. ಕಲಿಯಲು ಒಳ್ಳೆಯ ಪ್ರಯೋಗ, ನಾನೂ ಮಕ್ಕಳ ಕೈಲಿ ಮಾಡಿಸಿದ್ದೇನೆ. ಆದರೆ ಕಾಯ್ದೆಯ 3ನೇ ಸೆಕ್ಷನ್ ಇಲ್ಲಿ ಅಡ್ಡ ನಿಲ್ಲುತ್ತದೆ. ಸುಮ್ನೆ ಎರಡು ವಸ್ತು ಬೆರೆಸಿದರೆ ಸಾಲದು, ಬೆರೆಸಿದ್ದರಿಂದ ಹೊಸ ಗುಣ ಬರಬೇಕು. ಗೊತ್ತಿರುವ ರಾಸಾಯನಿಕದ ಹೊಸ ರೂಪ ತಂದರೆ ಪರಿಣಾಮ ಹೆಚ್ಚಾಗಿದೆ ಅಂತ ತೋರಿಸಬೇಕು. 2013ರಲ್ಲಿ ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದೇ ಮಾತನ್ನು. ಪರಂಪರೆಯಿಂದ ಬಂದ ತಿಳಿವಳಿಕೆಗೂ ಪೇಟೆಂಟ್ ಇಲ್ಲ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ವಾಸಿ ಮಾಡುವುದಕ್ಕೆ ಪೇಟೆಂಟ್ ಸಿಕ್ಕಿತ್ತು. ನಮ್ಮ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಆಗ ದೇಶವೇ ಹೆಮ್ಮೆಪಟ್ಟಿತು. ನಮ್ಮ ಅಜ್ಜಿಯರ ಹಿತ್ತಲಿನ ಗಿಡಗಳನ್ನು ಈಗ ನಾವೇ ಅಂಕಕ್ಕಾಗಿ ಸಾಲಾಗಿ ಅರ್ಜಿಗೆ ಏರಿಸುತ್ತಿದ್ದೇವೆ, ಅಲ್ವಾ?

ಪೇಟೆಂಟ್ ಸಿಕ್ಕರೂ ಕಥೆ ಮುಗಿಯುವುದಿಲ್ಲ. ಅದು ಅರ್ಜಿ ಹಾಕಿದ ದಿನದಿಂದ 20 ವರ್ಷ ಬದುಕುತ್ತದೆ, ಆದರೆ ಮೂರನೇ ವರ್ಷದಿಂದ ಪ್ರತಿ ವರ್ಷ ನವೀಕರಣ ಶುಲ್ಕ ಕಟ್ಟಬೇಕು. ಶಿಕ್ಷಣ ಸಂಸ್ಥೆಗೆ ಶುರುವಿನಲ್ಲಿ ವರ್ಷಕ್ಕೆ 800 ರೂಪಾಯಿ, ಕೊನೆಯ ಐದು ವರ್ಷ 8000 ರೂಪಾಯಿ. ಕಟ್ಟದಿದ್ದರೆ ಸತ್ತುಹೋಗುತ್ತದೆ. ಅಂಕ ಬಂದ ಮೇಲೆ ಕಟ್ಟುವವರು ಯಾರು? ಗೈಡ್ ನಿವೃತ್ತರಾದರು, ವಿದ್ಯಾರ್ಥಿ ಊರು ಬಿಟ್ಟ, ಕಡತ ಬೀರುವಿನಲ್ಲಿ ಉಳಿಯಿತು.

ಮಂಜೂರಾದ ಪೇಟೆಂಟ್ ಬಳಕೆಯಲ್ಲಿದೆಯೇ ಇಲ್ಲವೇ ಅಂತ ಫಾರಂ 27ರಲ್ಲಿ ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನೇ ಇದೆ. 2024ರ ನಿಯಮದಂತೆ ಮೂರು ಹಣಕಾಸು ವರ್ಷಕ್ಕೆ ಒಮ್ಮೆ. ನನ್ನ ಮೊದಲ ಕೋರಿಕೆ ಇದರ ಬಗ್ಗೆಯೇ. ನಿಮ್ಮ ವಿಶ್ವವಿದ್ಯಾಲಯದ ಪ್ರತಿ ಫಾರಂ 27 ಅನ್ನೂ ನಿಮ್ಮ ವೆಬ್‌ಸೈಟಿನಲ್ಲಿ ಹಾಕಿ. ವಾರ್ಷಿಕ ವರದಿಯಲ್ಲಿ ಪೇಟೆಂಟ್‌ಗಳ ಸಂಖ್ಯೆಯ ಪಕ್ಕದಲ್ಲೇ ಬಳಕೆಯಲ್ಲಿರುವುದು ಎಷ್ಟು ಅಂತ ಬರೆಯಿರಿ. ಸೊನ್ನೆ ಇದ್ದರೆ ಸೊನ್ನೆ ಅಂತಲೇ ಬರೆಯಿರಿ. ಇದಕ್ಕೆ ಹೊಸ ಕಾನೂನು ಬೇಡ, ಅನುದಾನ ಬೇಡ. ಅಂಥ ಒಂದು ಸಾಲು ಅಚ್ಚಾದ ವರ್ಷದಿಂದಲೇ ಬೇಡದ ಅರ್ಜಿಗಳು ಕಡಿಮೆಯಾಗುತ್ತವೆ ಅಂತ ನನಗೆ ನಂಬಿಕೆ ಇದೆ.

ಒಡೆತನದ ಮಾತಿಗೆ ಬರುತ್ತೇನೆ. ಇದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆದರೆ ಇಲ್ಲಿಯೇ ಮನಸ್ಸು ಮುರಿಯುವುದು.

ರಾಸಾಯನಿಕ ವಿಶ್ಲೇಷಣೆಯ ಚರಿತ್ರೆಯಲ್ಲಿ ಜಾನ್ ಫೆನ್ ದೊಡ್ಡ ಹೆಸರು. ಪ್ರೋಟೀನಿನಂಥ ಭಾರಿ ಅಣುಗಳನ್ನು ತೂಗುವುದು ಹಿಂದೆ ಆಗುತ್ತಿರಲಿಲ್ಲ. ಬಿಸಿ ಮಾಡಿ ಆವಿ ಮಾಡಲು ಹೋದರೆ ಒಡೆದುಹೋಗುತ್ತಿದ್ದವು. ಫೆನ್ 1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ದ್ರಾವಣವನ್ನು ವಿದ್ಯುತ್ ಬಲದಿಂದ ಸಣ್ಣ ಹನಿಗಳಾಗಿ ಚಿಮ್ಮಿಸಿ, ಅಣುಗಳು ಒಡೆಯದೆ ಹಾರುವ ಹಾಗೆ ಮಾಡಿದರು. ಅಣುಲೋಕದ ಆನೆಗಳಿಗೆ ರೆಕ್ಕೆ ಕಟ್ಟಿದೆ ಅನ್ನುವ ಅರ್ಥದ ಹೆಸರನ್ನು ತಮ್ಮ ನೊಬೆಲ್ ಉಪನ್ಯಾಸಕ್ಕೆ ಇಟ್ಟಿದ್ದರು. ಇವತ್ತು ಬೆಂಗಳೂರಿನ ಔಷಧಿ ಕಂಪನಿಗಳಿಂದ ಹಿಡಿದು ಉದ್ದೀಪನ ಮದ್ದಿನ ಪರೀಕ್ಷೆಯವರೆಗೆ ಈ ವಿಧಾನ ಇಲ್ಲದೆ ಕೆಲಸ ನಡೆಯುವುದಿಲ್ಲ. 2002ರಲ್ಲಿ, 85ನೇ ವಯಸ್ಸಿನಲ್ಲಿ, ಅವರು ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಅದೇ ಆವಿಷ್ಕಾರಕ್ಕಾಗಿ ಫೆನ್ ಮತ್ತು ಯೇಲ್ ವರ್ಷಗಟ್ಟಲೆ ಕೋರ್ಟಿನಲ್ಲಿ ನಿಂತರು. ಯೇಲ್‌ನಲ್ಲಿ ಅವರಿಗೆ 70 ವರ್ಷಕ್ಕೆ ಕಡ್ಡಾಯ ನಿವೃತ್ತಿಯಾಗಿತ್ತು, ಕೊನೆಗೆ ಅವರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು. ಪೇಟೆಂಟ್ ಅನ್ನು ಅವರು ತಮ್ಮ ಹೆಸರಿನಲ್ಲಿ ತೆಗೆದುಕೊಂಡು ತಮಗೆ ಪಾಲಿದ್ದ ಒಂದು ಕಂಪನಿಗೆ ಲೈಸೆನ್ಸ್ ಕೊಟ್ಟಿದ್ದರು. ನಮ್ಮ ನಿಯಮದ ಪ್ರಕಾರ ಅದು ನಮಗೆ ಸೇರಬೇಕು ಅಂತ ಯೇಲ್ ವಾದಿಸಿತು. 2005ರಲ್ಲಿ ಕೋರ್ಟ್ ಯೇಲ್ ಪರವಾಗಿ ತೀರ್ಪು ಕೊಟ್ಟಿತು. ನೊಬೆಲ್ ಬಂದ ಮೂರು ವರ್ಷಕ್ಕೆ ಆ ವಯಸ್ಸಾದ ವಿಜ್ಞಾನಿ ತನ್ನ ವಿಶ್ವವಿದ್ಯಾಲಯಕ್ಕೆ 10 ಲಕ್ಷ ಡಾಲರಿಗೂ ಹೆಚ್ಚು ಕೊಡಬೇಕಾಯಿತು. ಕಾನೂನಿನಲ್ಲಿ ಯೇಲ್ ಗೆದ್ದಿತು, ಒಪ್ಪುತ್ತೇನೆ. ಆದರೆ ಮಾತು ಅಲ್ಲಿಯವರೆಗೆ ಹೋಗಲೇಬಾರದಿತ್ತು. ನಿಯಮ ಕಾಗದದ ಮೇಲೆ ಇತ್ತು, ವಿಜ್ಞಾನಿ ಮತ್ತು ಸಂಸ್ಥೆಯ ನಡುವೆ ನಂಬಿಕೆ ಇರಲಿಲ್ಲ.

ನಮ್ಮಲ್ಲಿ ಎಷ್ಟೋ ಕಡೆ ಆ ನಿಯಮವೂ ವಿದ್ಯಾರ್ಥಿಗೆ ಕಾಣುವುದಿಲ್ಲ. ನೌಕರ ಕಂಡುಹಿಡಿದದ್ದು ಯಾರ ಸ್ವತ್ತು ಅಂತ ನಮ್ಮ ಪೇಟೆಂಟ್ ಕಾಯ್ದೆ ನೇರವಾಗಿ ಹೇಳುವುದಿಲ್ಲ. ಎಲ್ಲ ಒಪ್ಪಂದದ ಮೇಲೆ ನಿಂತಿದೆ. ಪಿಎಚ್.ಡಿ. ವಿದ್ಯಾರ್ಥಿ ನೌಕರನೂ ಅಲ್ಲ. ಅವನ ಮುಂದೆ ಕಾಗದ ಇಟ್ಟು ಸಹಿ ಹಾಕು ಅಂದರೆ, ಪ್ರಬಂಧ ಇನ್ನೂ ಗೈಡ್ ಕೈಯಲ್ಲಿರುವಾಗ, ಅವನು ಓದದೆ ಸಹಿ ಹಾಕುತ್ತಾನೆ. ಇದನ್ನು ಸರಿ ಮಾಡಿ. ಸೇರುವ ದಿನವೇ ಕನ್ನಡದಲ್ಲಿ, ಎರಡು ಪುಟದಲ್ಲಿ, ಯಾರಿಗೆ ಎಷ್ಟು ಪಾಲು ಅಂತ ಬರೆದು ಕೊಡಿ. ಆವಿಷ್ಕಾರದಲ್ಲಿ ತಲೆ ಓಡಿಸದವರ ಹೆಸರು, ಅವರು ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ, ಆವಿಷ್ಕಾರಕರ ಪಟ್ಟಿಯಲ್ಲಿ ಬರಬಾರದು.

ಯೇಲ್‌ನದೇ ಇನ್ನೊಂದು ಘಟನೆ ನೆನಪಾಗುತ್ತದೆ. ಸ್ಟಾವುಡಿನ್ ಎಂಬ ಸಂಯುಕ್ತ ಎಚ್‌ಐವಿ ವಿರುದ್ಧ ಕೆಲಸ ಮಾಡುತ್ತದೆ ಅಂತ ಅಲ್ಲಿನ ವಿಜ್ಞಾನಿಗಳು ಕಂಡುಕೊಂಡಿದ್ದರು. ವಿಶ್ವವಿದ್ಯಾಲಯ ಅದನ್ನು ಒಂದು ದೊಡ್ಡ ಔಷಧಿ ಕಂಪನಿಗೆ ಲೈಸೆನ್ಸ್ ಕೊಟ್ಟಿತ್ತು. 2001ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಜನ ಸಾಯುತ್ತಿದ್ದರು, ಔಷಧಿ ಕೈಗೆಟಕುತ್ತಿರಲಿಲ್ಲ. ವಿದ್ಯಾರ್ಥಿಗಳು ದನಿ ಎತ್ತಿದರು, ವೈದ್ಯರ ಸಂಘಟನೆ ಪತ್ರ ಬರೆಯಿತು, ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಪ್ರೂಸಾಫ್ ಕೂಡ ಅವರ ಪರ ನಿಂತರು. ಕೊನೆಗೆ ಕಂಪನಿ ಅಲ್ಲಿ ಪೇಟೆಂಟ್ ಹಕ್ಕು ಚಲಾಯಿಸುವುದಿಲ್ಲ ಅಂತ ಘೋಷಿಸಿ ಬೆಲೆ ಇಳಿಸಿತು. ಲೈಸೆನ್ಸ್ ಪತ್ರ ಬರೆಯುವ ದಿನವೇ ಬಡ ಊರುಗಳಿಗೆ ಒಂದು ಸಾಲು ಸೇರಿಸಿದ್ದರೆ ಅಷ್ಟೆಲ್ಲ ಕಾಯಬೇಕಿರಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ನೀರು, ಆಹಾರ, ರಕ್ತ ಪರೀಕ್ಷೆಯ ಆವಿಷ್ಕಾರಗಳಿಗೆ ಆ ಸಾಲನ್ನು ಮೊದಲೇ ಬರೆದಿಡಲಿ. ಒಬ್ಬರಿಗೇ ಕಟ್ಟಿಕೊಡುವ ಲೈಸೆನ್ಸ್ ಬೇಡ. ಗ್ರಾಮ ಪಂಚಾಯಿತಿ, ಸರ್ಕಾರಿ ಆಸ್ಪತ್ರೆ, ಅಂಗನವಾಡಿಗೆ ಇಷ್ಟೇ ಬೆಲೆ ಅಂತ ಒಪ್ಪಿದವರಿಗೆ ಮಾತ್ರ ಕೊಡಿ.

ಒಳ್ಳೆಯ ದಾರಿ ತೋರಿಸಿದವರು ದೂರದ ದೇಶದಲ್ಲಷ್ಟೇ ಇಲ್ಲ. ಐಐಟಿ ಮದ್ರಾಸ್‌ನ ಟಿ. ಪ್ರದೀಪ್ ಅವರ ಪ್ರಯೋಗಾಲಯ ಚಿನ್ನ ಬೆಳ್ಳಿಯ ನ್ಯಾನೋ ಕಣಗಳಿಂದ ನೀರಿನಲ್ಲಿರುವ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಪತ್ತೆ ಮಾಡಿ ತೆಗೆಯಬಹುದು ಅಂತ 2003ರ ಹೊತ್ತಿಗೇ ತೋರಿಸಿತ್ತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಪಕ್ಕದ ಮನೆಗಳಲ್ಲಿ ಮಲಗಿದಲ್ಲೇ ಬೆಳೆದ ಮಕ್ಕಳನ್ನು ನೋಡಿದವರಿಗೆ ಎಂಡೋಸಲ್ಫಾನ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆ ಕೆಲಸಕ್ಕೆ ಪೇಟೆಂಟ್ ಆಯಿತು, ಒಂದು ಕಂಪನಿ ಲೈಸೆನ್ಸ್ ಪಡೆಯಿತು, ಕೀಟನಾಶಕ ತೆಗೆಯುವ ಮನೆಬಳಕೆಯ ಫಿಲ್ಟರ್ ಮಾರುಕಟ್ಟೆಗೆ ಬಂತು. ಮುಂದೆ ಅದೇ ಪ್ರಯೋಗಾಲಯ ಆರ್ಸೆನಿಕ್ ತೆಗೆಯುವ ವಿಧಾನವನ್ನೂ ಹಳ್ಳಿಗಳಿಗೆ ಒಯ್ದಿತು. ನಮ್ಮ ಯಾದಗಿರಿಯ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ನೀರು ಕುಡಿದು ನರಳಿದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಪಾಥ್‌ಶೋಧ್ ಎಂಬ ಪುಟ್ಟ ಕಂಪನಿ, ಸಕ್ಕರೆ ಕಾಯಿಲೆಯವರ ರಕ್ತ ಮೂತ್ರದ ಹಲವು ಪರೀಕ್ಷೆಗಳನ್ನು ಒಂದು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತಂದಿದೆ. ಇಲ್ಲೆಲ್ಲ ಪೇಟೆಂಟ್ ಆದಮೇಲೂ ಅದರ ಹಿಂದೆ ಬಿದ್ದು ಓಡಾಡಿದ ಮನುಷ್ಯರು ಇದ್ದರು.

ಆ ಓಡಾಡುವ ಮನುಷ್ಯ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬೇಕು. ಅಧ್ಯಾಪಕರಿಗೇ ಹೆಚ್ಚುವರಿ ಹೊಣೆ ಅಂತ ಹೊರಿಸಬೇಡಿ, ಅವರಿಗೆ ಪಾಠ, ಮೌಲ್ಯಮಾಪನ, ಚುನಾವಣೆ ಕೆಲಸ ಈಗಾಗಲೇ ಸಾಕಾಗಿದೆ. ಪ್ರಯೋಗಾಲಯಕ್ಕೆ ವಾರಕ್ಕೊಮ್ಮೆ ಹೋಗಿ ಏನು ನಡೆದಿದೆ ಅಂತ ನೋಡುವ, ಲೇಖನ ಕಳಿಸುವ ಮೊದಲು ಹತ್ತು ದಿನದೊಳಗೆ 'ಅರ್ಜಿ ಹಾಕೋಣ' ಅಥವಾ 'ಬೇಡ, ಎಲ್ಲರಿಗೂ ಬಿಟ್ಟುಕೊಡೋಣ' ಅಂತ ಹೇಳುವ, ಆಮೇಲೆ ಪಂಚಾಯಿತಿ, ಕಾರ್ಖಾನೆ, ಆಸ್ಪತ್ರೆಯ ಬಾಗಿಲು ತಟ್ಟುವ ಒಬ್ಬ ಪೂರ್ಣಾವಧಿ ವ್ಯಕ್ತಿ. ಒಂದೊಂದು ವಿಶ್ವವಿದ್ಯಾಲಯಕ್ಕೆ ಒಬ್ಬರು ಸಿಕ್ಕರೂ ಸಾಕು. ಸಣ್ಣ ವಿಶ್ವವಿದ್ಯಾಲಯಗಳು ನಾಲ್ಕು ಸೇರಿ ಒಬ್ಬರನ್ನು ಇಟ್ಟುಕೊಳ್ಳಲಿ. ಮುಂದಿನ ಸಿಂಡಿಕೇಟ್ ಸಭೆಯ ಅಜೆಂಡಾದಲ್ಲಿ ಈ ಹುದ್ದೆಯನ್ನೂ ಫಾರಂ 27ರ ವಿಷಯವನ್ನೂ ಇಡಿ ಅಂತ ಕೈಮುಗಿದು ಕೇಳುತ್ತೇನೆ.

ಕೊನೆಯದಾಗಿ ನನ್ನ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಒಂದು ವಿಷಯ ತಿಳಿಸುತ್ತೇನೆ. ಅವಳ ಲ್ಯಾಬ್ ನೋಟ್‌ಬುಕ್‌ಗಳು ನನ್ನ ಮನೆಯಲ್ಲಿವೆ. ಆ ಕಾಗದದ ಪಟ್ಟಿ ತಯಾರಿಸುವ ವಿಧಾನ ಈಗ ಯಾರ ಸ್ವತ್ತೂ ಅಲ್ಲ. ನಿಮ್ಮಲ್ಲಿ ಯಾವ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಮುಂದೆ ಬಂದರೂ ನಾವಿಬ್ಬರೂ ಬಂದು ಮಕ್ಕಳ ಜೊತೆ ಕೂತು ಮಾಡಿ ತೋರಿಸುತ್ತೇವೆ. ಅವಳಿಗೆ ಶನಿವಾರ, ಭಾನುವಾರ ರಜೆ. ನನಗೆ ಯಾವ ದಿನವಾದರೂ ಸರಿ. ಬೇಸಿಗೆಯ ಒಳಗೆ ಆದರೆ ಒಳ್ಳೆಯದು. ಬೋರ್‌ವೆಲ್ ನೀರು ಆಳಕ್ಕೆ ಇಳಿದಾಗಲೇ ಪರೀಕ್ಷೆ ಮಾಡಬೇಕು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು
ಪಾವಗಡ ತಾಲ್ಲೂಕು